ಹೊರನಾಡಿನ ಚಳಿಗಾಲ, ಹೆರವರ ಮನೆ

ಮಾರ್ಗಶಿರ ಮಾಸವು ಕಾಲಿಟ್ಟಿತೆಂದರೆ ನಮ್ಮ ತರೀಕೆರೆಯ ಸೀಮೆಯಲ್ಲಿ ಮನೆಮನೆಗೂ ಗಡಿಬಿಡಿ. ಅಮೃತಾಪುರದ ಸುತ್ತಣ ತೋಟಗಳಲ್ಲಿ ಅಡಿಕೆಯ ಕೊನೆಗಳು ಇಳಿಯುತ್ತವೆ. ರಾತ್ರಿ ದೀಪದ ಬೆಳಕಿನಲ್ಲಿ ಸುಲಿಯುವವರ ಮಾತು ಅಂಗಳದಿಂದ ಕೇಳಿಬರುತ್ತದೆ. ಹಂಡೆಯಲ್ಲಿ ಕುದಿಯುವ ಚೊಗರಿನ ಘಾಟು ಓಣಿಯ ಉದ್ದಕ್ಕೂ ಹಬ್ಬಿರುತ್ತದೆ. ಬೆಳಗಿನ ಜಾವದ ಇಬ್ಬನಿಯಲ್ಲಿ ಹೆಂಗಸರು ಅಂಗಳ ಸಾರಿಸುವರು, ಧನುರ್ಮಾಸದ ಹುಗ್ಗಿಗೆ ಒಲೆ ಹೊತ್ತುವುದು. ಈ ಗಡಿಬಿಡಿಯ ನಡುವೆ ಈಚಿನ ವರ್ಷಗಳಲ್ಲಿ ಕೆಲವು ಮನೆಗಳಿಗೆ ಒಂದು ಹೊಸ ಚಿಂತೆಯೂ ಬಂದು ಸೇರಿದೆ. ಮಗನೋ ಮಗಳೋ ವಿದ್ಯಾಭ್ಯಾಸಕ್ಕೆಂದು ಜರ್ಮನಿಗೆ, ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗಿರುವರು. ಅಲ್ಲಿ ಡಿಸೆಂಬರ್ ಕಡೆಯ ವಾರದಲ್ಲಿ ಪಾಠಶಾಲೆಗಳು ಮುಚ್ಚುತ್ತವೆ. ಊರಿಗೆ ಬಂದು ಹೋಗೋಣವೆಂದರೆ ವಿಮಾನದ ದರವು ಆ ದಿನಗಳಲ್ಲಿಯೇ ಏರಿ ಕುಳಿತಿರುತ್ತದೆ. ಆಗ ಅಲ್ಲಿನ ಯಾವುದೋ ಒಂದು ಸಂಸಾರದಿಂದ ಕರೆ ಬರುತ್ತದೆ: ಹಬ್ಬಕ್ಕೆ ನಮ್ಮ ಮನೆಗೆ ಬಂದು ನಾಲ್ಕು ದಿನ ಇರಿ ಎಂದು. ಹೋಗಬಹುದೆ, ಹೋಗಕೂಡದೆ? ಈ ಪ್ರಶ್ನೆಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಎದುರಿಸಿರಬಹುದು. ಎದುರಿಸದವರಿಗೆ ನಾಳೆ ಬಂದೀತು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ವಿಚಾರಮಾಡಬೇಕೆಂದು ನಮ್ಮ ಅಪೇಕ್ಷೆ.

ನಮಗೆ ಬಳಕೆಯಿರುವ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳುತ್ತೇವೆ. ಹೆಸರು ಬೇಡ. ಅಮೃತಾಪುರದ ಹೋಬಳಿಯ ಒಂದು ಹಳ್ಳಿಯಲ್ಲಿ ಅಡಿಕೆ ತೋಟವುಳ್ಳ ಲಿಂಗವಂತ ಸಂಸಾರ. ಮನೆಯಲ್ಲಿ ಎಂಬತ್ತನ್ನು ದಾಟಿದ ಅಜ್ಜಿಯವರು ಇದ್ದಾರೆ. ಮೊಮ್ಮಗಳು ಇಂಜಿನಿಯರಿಂಗ್ ಮುಗಿಸಿ ಹೆಚ್ಚಿನ ವ್ಯಾಸಂಗಕ್ಕೆ ಜರ್ಮನಿಯ ದಕ್ಷಿಣಭಾಗದ ಒಂದು ಊರಿಗೆ ಹೋದಳು. ಮೊದಲನೆಯ ವರ್ಷದ ಚಳಿಗಾಲದಲ್ಲಿ ಮನೆಗೆ ದಿನವೂ ಟೆಲಿಫೋನಿನಲ್ಲಿ ಮಾತನಾಡುತ್ತಿದ್ದಳು. "ಎಲ್ಲಾ ಚೆನ್ನಾಗಿದೆ" ಎನ್ನುತ್ತಿದ್ದಳು. ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ತಾಯಿಗೆ ನಿಜವು ತಿಳಿಯಿತು. ವಿದ್ಯಾರ್ಥಿನಿಲಯದ ಆ ಅಂತಸ್ತಿನಲ್ಲಿ ಅವಳೊಬ್ಬಳೇ ಉಳಿದಿದ್ದಳು. ಊಟದ ಶಾಲೆ ಮುಚ್ಚಿತ್ತು. ಅನ್ನ, ಮೊಸರು, ಊರಿನಿಂದ ಒಯ್ದಿದ್ದ ಉಪ್ಪಿನಕಾಯಿ, ಇಷ್ಟರಲ್ಲೇ ಒಂಬತ್ತು ದಿನ ಕಳೆದಿದ್ದಳು. ಆ ಒಂಬತ್ತು ದಿನವೂ ಟೆಲಿಫೋನಿನ ಮಾತನ್ನು ಬಿಟ್ಟರೆ ಎದುರಿಗೆ ನಿಂತ ಒಬ್ಬ ಮನುಷ್ಯರೊಡನೆ ಒಂದು ಮಾತನ್ನೂ ಆಡಿರಲಿಲ್ಲ. ಹುಡುಗಿ ಅದನ್ನು ನಗುತ್ತಲೇ ಹೇಳಿದಳಂತೆ. ತಾಯಿಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ.

ಆ ನಾಡಿನ ಡಿಸೆಂಬರ್ ಎಂತಹದೆಂಬುದನ್ನು ತಿಳಿಯದೆ ಈ ಒಂಟಿತನದ ಭಾರವು ನಮಗೆ ಅರ್ಥವಾಗದು. ನಮ್ಮಲ್ಲಿ ವರ್ಷದ ಅತ್ಯಂತ ಚಿಕ್ಕ ಹಗಲೂ ಹನ್ನೊಂದು ಗಂಟೆಯನ್ನು ಮೀರಿರುತ್ತದೆ. ಜರ್ಮನಿಯ ದಕ್ಷಿಣದಲ್ಲಿ ಆ ದಿನಗಳಲ್ಲಿ ಸೂರ್ಯನು ಎಂಟು ಹೊಡೆದ ಮೇಲೆ ಏಳುತ್ತಾನೆ, ನಾಲ್ಕೂವರೆಯ ಹೊತ್ತಿಗೆ ಮುಳುಗುತ್ತಾನೆ. ನಡುವೆಯೂ ಎಷ್ಟೋ ದಿನ ಮೋಡದ ಮರೆಯಿಂದ ಹೊರಬರುವುದಿಲ್ಲ. ಹಿಮವು ಬಿದ್ದರೆ ಚೆಲುವಾದರೂ ಕಾಣುತ್ತದೆ. ಬೀಳದ ವರ್ಷಗಳಲ್ಲಿ ಬರಿಯ ಕಪ್ಪು ಮಳೆ. ಡಿಸೆಂಬರ್ ೨೪ರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಅಂಗಡಿಗಳ ಬಾಗಿಲು ಹಾಕಿತೆಂದರೆ ೨೫ ಮತ್ತು ೨೬ ಎರಡು ದಿನವೂ ತೆರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ೨೫ನೆಯ ತಾರೀಖು ರೈಲುಗಾಡಿಗಳೇ ನಿಂತುಹೋಗುತ್ತವೆ. ಅಮೆರಿಕದ ಅನೇಕ ಕಾಲೇಜುಗಳಲ್ಲಂತೂ ವಿದ್ಯಾರ್ಥಿನಿಲಯಗಳನ್ನೇ ಕೆಲವು ವಾರ ಮುಚ್ಚುವ ಪದ್ಧತಿಯುಂಟು. ಇರುವವರು ಬೇರೆ ಆಶ್ರಯವನ್ನು ನೋಡಿಕೊಳ್ಳಬೇಕು. ನಮ್ಮ ಯುಗಾದಿ ದೀಪಾವಳಿಗಳಲ್ಲಿ ಬೀದಿಯೆಲ್ಲ ಜನವಾದರೆ, ಅವರ ಹಬ್ಬವು ಬಾಗಿಲೊಳಗಣ ಹಬ್ಬ. ಹೊರಗೆ ನಿಂತವನಿಗೆ ಬೆಳಗಿದ ಕಿಟಕಿಗಳಲ್ಲದೆ ಮತ್ತೇನೂ ಕಾಣುವುದಿಲ್ಲ.

ಎರಡನೆಯ ವರ್ಷ ಆ ಹುಡುಗಿಗೆ ಕರೆ ಬಂದಿತು. ವಿಶ್ವವಿದ್ಯಾನಿಲಯದ ಪರದೇಶ ವಿದ್ಯಾರ್ಥಿಗಳ ಕಛೇರಿಯ ಮೂಲಕ ಪರಿಚಯವಾದ ವೃದ್ಧ ದಂಪತಿಗಳು. ಗಂಡನು ನಿವೃತ್ತ ಉಪಾಧ್ಯಾಯ, ಹೆಂಡತಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಮಕ್ಕಳು ಮೊಮ್ಮಕ್ಕಳು ಹಬ್ಬಕ್ಕೆ ಬರುವರು. ಇಲ್ಲಿ ತಂದೆಯು ಒಪ್ಪಿದರು, ತಾಯಿ ಒಪ್ಪಿದರು, ಅಜ್ಜಿಯವರು ಒಪ್ಪಲಿಲ್ಲ. ಅವರ ಆಕ್ಷೇಪಣೆಯನ್ನು ನಾವು ಅವರ ಬಾಯಿಂದಲೇ ಕೇಳಿದೆವು: "ಅವರು ಒಳ್ಳೆಯವರೇ ಇರಬಹುದಪ್ಪ. ಆದರೆ ಹಬ್ಬದ ದಿವಸ ಅವರ ಒಲೆಯ ಮೇಲೆ ಏನು ಬೇಯುತ್ತದೆಯೋ! ಮಗು ಪೂಜೆಗೆ ಎಲ್ಲಿ ಕೂರುತ್ತಾಳೆ? ಹಸಿದರೆ ಯಾರನ್ನು ಕೇಳುತ್ತಾಳೆ?" ಇದನ್ನು ಹಳೆಯ ಕಾಲದ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡಲಾರೆವು. ಆ ಮೂರು ಪ್ರಶ್ನೆಗಳಲ್ಲಿ ವಿಚಾರಮಾಡಬೇಕಾದ ಮುಖ್ಯಾಂಶಗಳೆಲ್ಲವೂ ಅಡಗಿವೆ.

ಈ ಅಂಜಿಕೆಗೆ ನಮ್ಮ ದೇಶದಲ್ಲಿ ಹಳೆಯ ಬೇರುಂಟು. ೧೮೮೮ರಲ್ಲಿ ಗಾಂಧಿಯವರು ವಿಲಾಯಿತಿಗೆ ಹೊರಟಾಗ ಅವರ ಜಾತಿಯವರು ಕೂಡಿ ಬಹಿಷ್ಕಾರವನ್ನೇ ಹಾಕಿದರು. ತಾಯಿಯು ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟೆನೆಂದು ಪ್ರತಿಜ್ಞೆ ಮಾಡಿಸಿ ಕಳುಹಿಸಿಕೊಟ್ಟರು. ನಮ್ಮ ಕನ್ನಡನಾಡಿನಲ್ಲಿಯೇ ಇದಕ್ಕೂ ಹಿಂದಿನ ಉದಾಹರಣೆಯೊಂದಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ಯುವಕನು ೧೮೪೪ರಲ್ಲಿ ಕ್ರೈಸ್ತಮತವನ್ನು ಸೇರಿದನು; ಊರೆಲ್ಲ ಕೋಲಾಹಲವಾಯಿತು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ೧೮೪೩ರಲ್ಲಿ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಪಾದ್ರಿಯವರು ಅವನನ್ನು ೧೮೪೬ರಲ್ಲಿ ತಮ್ಮೊಡನೆ ಯೂರೋಪಿಗೆ ಕರೆದುಕೊಂಡು ಹೋದರು. ಅವನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಓದಿ, ಪಾದ್ರಿಯಾಗಿ ೧೮೫೧ರಲ್ಲಿ ತಿರುಗಿ ಬಂದನು. ಹೋದವನು ಮತ ಬಿಟ್ಟೇ ಹೋದವನಾದರೂ, ಹೊರನಾಡಿನ ಮನೆಯಲ್ಲಿ ಉಂಡರೆ ಮಗನು ನಮ್ಮವನಾಗಿ ಉಳಿಯನೆಂಬ ಭಯವು ಇಂತಹ ಸಂಗತಿಗಳಿಂದ ಜನರಲ್ಲಿ ನಾಟಿತು. ಆ ಕಾಲದಲ್ಲಿ ಅದು ನಿರಾಧಾರವಾದ ಭಯವಾಗಿರಲಿಲ್ಲ.

ಆದರೆ ಇನ್ನೊಂದು ಪಕ್ಕವನ್ನೂ ನೋಡಬೇಕು. ೧೮೯೨ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು ಮರುವರ್ಷ ಷಿಕಾಗೋ ನಗರದಲ್ಲಿ ದಿಕ್ಕುಗಾಣದೆ ಬೀದಿಯ ಬದಿಯಲ್ಲಿ ಕುಳಿತಿದ್ದಾಗ, ಎದುರು ಮನೆಯ ಬಾಗಿಲನ್ನು ತೆರೆದು ಒಳಕ್ಕೆ ಕರೆದವರು ಹೇಲ್ ಎಂಬ ಸಂಸಾರದ ಗೃಹಿಣಿ. ಅಂದಿನಿಂದ ಆ ಮನೆಯು ಸ್ವಾಮಿಗಳಿಗೆ ಅಮೆರಿಕದಲ್ಲಿ ತವರಿನಂತಾಯಿತು. ಆ ಗೃಹಿಣಿಯನ್ನು ಅವರು ತಾಯಿಯೆಂದೇ ಕರೆಯುತ್ತಿದ್ದರು. ಹೇಲ್ ದಂಪತಿಗಳು ಅವರ ಕಾಷಾಯವನ್ನು ಬಿಡಿಸಲಿಲ್ಲ, ಸ್ವಾಮಿಗಳು ಅವರ ಶಿಲುಬೆಯನ್ನು ಇಳಿಸಲಿಲ್ಲ. ಗಾಂಧಿಯವರಿಗೂ ಲಂಡನ್ನಿನಲ್ಲಿ ಇಳಿದುಕೊಂಡ ಮನೆಯ ವಿಧವೆ ಗೃಹಿಣಿಯ ಸಹಾನುಭೂತಿಯು ದೊರಕಿತು. ಅವಳ ಇಬ್ಬರು ಹೆಣ್ಣುಮಕ್ಕಳು ಬ್ರೆಡ್ಡಿನ ಒಂದೆರಡು ತುಂಡುಗಳನ್ನು ಹೆಚ್ಚಾಗಿ ಬಡಿಸುತ್ತಿದ್ದರೆಂದೂ, ಇನ್ನೂ ಬೇಕೆಂದು ಕೇಳಲು ತಮಗೆ ಸಂಕೋಚವಾಗಿ ಹಸಿದೇ ಏಳುತ್ತಿದ್ದೆನೆಂದೂ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಜ್ಜಿಯವರ ಮೂರನೆಯ ಪ್ರಶ್ನೆ ನೆನಪಿರಲಿ: ಹಸಿದರೆ ಯಾರನ್ನು ಕೇಳುತ್ತಾಳೆ? ನಮ್ಮ ಮಕ್ಕಳಿಗೆ ಎರಡು ಸಾರಿ ಉಪಚಾರವಾದ ಮೇಲೆ ಮೂರನೆಯ ಸಾರಿ 'ಹೂಂ' ಎನ್ನುವ ಅಭ್ಯಾಸ. ಅವರಲ್ಲಿ ಒಂದು ಸಾರಿ ಬೇಡವೆಂದರೆ ಬೇಡವೆಂದೇ ಅರ್ಥ. ಬೇಕಾದುದನ್ನು ಮೊದಲನೆಯ ಸಲವೇ ಬೇಕೆಂದು ಹೇಳತಕ್ಕದ್ದು. ವೀಸಾದ ಕಾಗದಪತ್ರಗಳಿಗಿಂತ ಮೊದಲು ಇದನ್ನು ಮಕ್ಕಳಿಗೆ ಕಲಿಸಬೇಕೆಂದು ನಮಗೆ ತೋರುತ್ತದೆ.

ಗಣಿತಜ್ಞ ರಾಮಾನುಜನ್‌ರವರ ಒಂದು ಸಂಗತಿಯೂ ಇಲ್ಲಿ ಉಪಯುಕ್ತವಾಗಿದೆ. ೧೯೧೪ರಲ್ಲಿ ಕೇಂಬ್ರಿಜ್ಜಿಗೆ ಹೋದ ಅವರು ರಾತ್ರಿಯ ಚಳಿಗೆ ನಡುಗುತ್ತ ಮೇಲಂಗಿಯನ್ನು ತೊಟ್ಟೇ ಮಲಗುತ್ತಿದ್ದರಂತೆ. ಅಲ್ಲಿಯೇ ಓದುತ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸರು ಹೋಗಿ ನೋಡಲಾಗಿ, ಕಂಬಳಿಗಳೆಲ್ಲವನ್ನೂ ಮಂಚಕ್ಕೆ ಬಿಗಿಯಾಗಿ ಹಾಸಿ ಸಿಕ್ಕಿಸಿದ್ದುವು. ರಾಮಾನುಜನ್ ಅವುಗಳ ಮೇಲೆ ಮಲಗುತ್ತಿದ್ದರು. ಅವುಗಳ ಒಳಗೆ ತೂರಿಕೊಳ್ಳಬೇಕೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮಹಾ ಮೇಧಾವಿಯೂ ಮತ್ತೊಬ್ಬರ ಮನೆಯ ಹಾಸಿಗೆಯ ಮುಂದೆ ಮಗುವೇ. ಕೇಳಲು ನಾಚಿಕೆ ಪಡಕೂಡದು.

ಮನೆಗೆ ಕರೆಯುವ ಈ ಪದ್ಧತಿಯು ಕೇವಲ ಒಬ್ಬಿಬ್ಬರ ಔದಾರ್ಯದಿಂದ ಬೆಳೆದುದಲ್ಲ. ೧೯೩೨ರಲ್ಲಿ ಡೊನಾಲ್ಡ್ ವಾಟ್ ಎಂಬ ಅಮೆರಿಕದ ಗೃಹಸ್ಥರು ತಮ್ಮ ದೇಶದ ಯುವಕರ ಒಂದು ತಂಡವನ್ನು ಯೂರೋಪಿಗೆ ಕರೆದೊಯ್ದು ಅನ್ಯದೇಶೀಯರೊಡನೆ ಸಹಜೀವನದ ಪ್ರಯೋಗವನ್ನು ಮೊದಲುಮಾಡಿದರು. ಹೋಟೆಲಿನಲ್ಲಿ ಇಳಿದರೆ ದೇಶವು ಕಾಣುತ್ತದೆ, ಮನೆಯಲ್ಲಿ ಇಳಿದರೆ ಜನರು ಕಾಣುತ್ತಾರೆ ಎಂಬುದು ಅಂತಹ ಏರ್ಪಾಡುಗಳ ಹಿಂದಣ ವಿಚಾರ. ಎರಡು ಮಹಾಯುದ್ಧಗಳಲ್ಲಿಯೂ ಗಾಯಾಳುಗಳನ್ನು ಸಾಗಿಸುವ ವಾಹನಗಳನ್ನು ನಡೆಸಿದ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಸಂಘದವರು, ಹೆಣಗಳನ್ನು ಕಂಡು ಬೇಸತ್ತು, ೧೯೪೭ರಿಂದ ಶಾಲಾ ಬಾಲಕ ಬಾಲಿಕೆಯರನ್ನು ದೇಶದಿಂದ ದೇಶಕ್ಕೆ ಕಳುಹಿಸಿ ಸಂಸಾರಗಳಲ್ಲಿ ಇರಿಸುವ ಕೆಲಸಕ್ಕೆ ತೊಡಗಿದರು. ೧೯೪೯ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಸರ್ವಾಸ್ ಎಂಬ ಸಂಘವೂ ಹಣವಿಲ್ಲದ ಆತಿಥ್ಯದಿಂದ ಶಾಂತಿಯನ್ನು ಬೆಳೆಸುವ ಉದ್ದೇಶವುಳ್ಳದ್ದು. ಬ್ರಿಟನ್ನಿನಲ್ಲಿ ಪರದೇಶದ ವಿದ್ಯಾರ್ಥಿಗಳನ್ನು ವಾರಾಂತ್ಯಕ್ಕೂ ಕ್ರಿಸ್‌ಮಸ್ಸಿಗೂ ಮನೆಗಳಿಗೆ ಕರೆಯುವುದಕ್ಕೆಂದೇ ೧೯೮೭ರಲ್ಲಿ 'ಹೋಸ್ಟ್' ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಹಾಗೆ ನೋಡಿದರೆ ಇವೆಲ್ಲವೂ ಯುದ್ಧದ ಗಾಯಕ್ಕೆ ಹಚ್ಚಿದ ಮುಲಾಮುಗಳು. ನಮ್ಮ ಹುಡುಗಿಯನ್ನು ಕರೆದ ವೃದ್ಧ ದಂಪತಿಗಳೂ ಯುದ್ಧದ ಕೊನೆಯ ವರ್ಷಗಳಲ್ಲಿ ಹುಟ್ಟಿ, ಹರಕು ಬೂಟು ಹಾಕಿಕೊಂಡು ಶಾಲೆಗೆ ಹೋದವರೇ ಅಂತೆ.

ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಇರುವುದರಲ್ಲಿ ಎರಡು ಬಗೆಯುಂಟು. ಬಾಡಿಗೆಯನ್ನೂ ಊಟದ ಖರ್ಚನ್ನೂ ತೆಗೆದುಕೊಂಡು ತಿಂಗಳುಗಟ್ಟಲೆ ಇರಿಸಿಕೊಳ್ಳುವುದು ಒಂದು. ಹಬ್ಬಕ್ಕೆ ನಾಲ್ಕು ದಿನ ಪ್ರೀತಿಯಿಂದ ಕರೆಯುವುದು ಇನ್ನೊಂದು. ಎರಡನೆಯದಕ್ಕೆ ಕರೆದವರು ಬಾಡಿಗೆ ಕೇಳುವುದಿಲ್ಲ. ಯಾರಾದರೂ ಮುಂಗಡವಾಗಿ ಹಣವನ್ನು ಕೇಳಿದರೆ ಅಲ್ಲಿಗೆ ಆ ಮಾತನ್ನು ಬಿಡತಕ್ಕದ್ದು. ವಿಶ್ವವಿದ್ಯಾನಿಲಯದ ಕಛೇರಿಯ ಅಥವಾ ಪರಿಚಿತ ಸಂಸ್ಥೆಯ ಮೂಲಕ ಬಂದ ಕರೆಯನ್ನೇ ಒಪ್ಪಿಕೊಳ್ಳಬೇಕು. ಆ ಮನೆಯ ವಿಳಾಸ, ಟೆಲಿಫೋನ್ ಸಂಖ್ಯೆ, ಹೋಗುವ ಮತ್ತು ಹೊರಡುವ ದಿನ ಇವು ಇಲ್ಲಿನ ಮನೆಯಲ್ಲಿಯೂ ಅಲ್ಲಿನ ಒಬ್ಬ ಸ್ನೇಹಿತರಲ್ಲಿಯೂ ಬರೆದಿರಬೇಕು. ಹೆಣ್ಣುಮಗಳಾದರೆ ಮನೆಯಲ್ಲಿ ಯಾರು ಯಾರು ಇರುವರೆಂಬುದನ್ನು ಮೊದಲೇ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಗಂಡುಮಗನಿಗೂ ಅದೇ ಮಾತು. ಮನಸ್ಸಿಗೆ ಒಗ್ಗದಿದ್ದರೆ ಎದ್ದುಬರುವಷ್ಟು ಹಣವು ಕೈಯಲ್ಲಿರಲಿ. ತಂದೆಯವರು ಆ ದಂಪತಿಗಳೊಡನೆ ಒಮ್ಮೆ ನೇರವಾಗಿ ಮಾತನಾಡಲೆಂದು ನಾವು ಸೂಚಿಸಿದೆವು. ನಮಗೂ ಅವರಿಗೂ ಆ ಕಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಇಲ್ಲಿ ರಾತ್ರಿಯ ಊಟವಾದ ಮೇಲೆ ಅಲ್ಲಿ ಇಳಿಹೊತ್ತಿನ ಕಾಫಿ. ಮೊಬೈಲಿನ ಪರದೆಯ ಮೇಲೆ ಮುಖಗಳು ಕಂಡವು. ಹುಡುಗಿಯು ನಡುವೆ ನಿಂತು ಭಾಷಾಂತರ ಮಾಡಿದಳು. ಅಜ್ಜಿಯವರು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದರು. ಆ ಜರ್ಮನ್ ಮಹಿಳೆಯು ಕೇಳಿದ ಮೊದಲ ಪ್ರಶ್ನೆಯೇ, "ನಿಮ್ಮ ಮಗಳು ಏನನ್ನು ತಿನ್ನುವುದಿಲ್ಲ, ಬರೆದು ಕಳುಹಿಸುತ್ತೀರಾ?" ಎಂದು. ಅಜ್ಜಿಯವರು ಬಂದು ಮುಂದೆ ಕುಳಿತರು.

ಊಟದ ವಿಷಯವನ್ನು ನಾವು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ 'ಸಸ್ಯಾಹಾರಿ' ಎಂಬ ಒಂದು ಮಾತಿನಿಂದ ಕೆಲಸವಾಗುವುದಿಲ್ಲ. ಅವರ ಲೆಕ್ಕದಲ್ಲಿ ಮೊಟ್ಟೆಯು ಸಸ್ಯಾಹಾರದೊಳಗೇ ಸೇರುವುದು. ಹಬ್ಬದ ಬಿಸ್ಕತ್ತುಗಳು ಬಹುಪಾಲು ಮೊಟ್ಟೆಯಿಂದಲೇ ಆಗತಕ್ಕವು. ಕೆಲವು ಬಗೆಯ ಗಿಣ್ಣನ್ನು, ಎಂದರೆ ಚೀಸನ್ನು, ಕರುವಿನ ಹೊಟ್ಟೆಯಿಂದ ತೆಗೆದ ಹುಳಿಯಿಂದ ಒಡೆಯಿಸಿರುತ್ತಾರೆ. ಮಕ್ಕಳು ಚಪ್ಪರಿಸುವ ರಬ್ಬರಿನಂತಹ ಮಿಠಾಯಿಗಳಲ್ಲಿ ಪ್ರಾಣಿಗಳ ಎಲುಬು ಚರ್ಮಗಳಿಂದಾದ ಜೆಲಟಿನ್ ಇರುವುದು. ಕೆಂಪು ಕೋಸಿನ ಪಲ್ಯವು ನೋಡಲು ನಿರಪಾಯವಾಗಿದೆ. ಆದರೆ ಅದಕ್ಕೆ ಹಂದಿಯ ಅಥವಾ ಬಾತಿನ ಕೊಬ್ಬನ್ನು ಹಾಕುವುದುಂಟು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಪುಡಿಂಗ್ ಎಂಬ ಕಪ್ಪು ಕಡುಬಿಗೆ ಹಳೆಯ ಪದ್ಧತಿಯಂತೆ ದನದ ಕೊಬ್ಬೇ ಬೇಕು. ಇವನ್ನೆಲ್ಲ ಮೇಜಿನ ಮುಂದೆ ಕುಳಿತು ಕೇಳಿದರೆ ಅಡಿಗೆ ಮಾಡಿದವಳ ಮನಸ್ಸು ನೋಯುತ್ತದೆ. ಒಂದು ವಾರ ಮುಂಚಿತವಾಗಿ ಕಾಗದದ ಮೇಲೆ ಬರೆದುಕೊಟ್ಟರೆ ಆಕೆಯು ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿಕೊಳ್ಳುತ್ತಾಳೆ. ಪದಾರ್ಥಗಳ ವಿಷಯದಲ್ಲಿ ಪಟ್ಟಿಯನ್ನು ಅನುಸರಿಸುವುದರಲ್ಲಿ ಆ ಜನರಿಗಿರುವ ನಿಷ್ಠೆಯು ನಮಗೆ ನಮ್ಮ ಹೋಟೆಲುಗಳಲ್ಲಿ ದೊರಕೀತೆಂದು ಹೇಳಲಾರೆವು.

ಅಜ್ಜಿಯವರು ಹೇಳಿ ಬರೆಯಿಸಿದ ಪಟ್ಟಿಯು ಒಂದು ಪುಟವಾಯಿತು. ಅದರ ಕೊನೆಯಲ್ಲಿ ಅವರೇ ಒಂದು ಸಾಲನ್ನು ಸೇರಿಸಿದರು: ಬೆಳಿಗ್ಗೆ ಸ್ನಾನವಾದ ಮೇಲೆ ಅರ್ಧ ಘಳಿಗೆ ಮಗುವನ್ನು ಒಬ್ಬಳನ್ನೇ ಬಿಡಬೇಕು ಎಂದು. ಅಲ್ಲಿಂದ ಬಂದ ಉತ್ತರದಲ್ಲಿ, ಅತಿಥಿಯ ಕೋಣೆಯ ಪೂರ್ವದ ಕಿಟಕಿಯ ಬಳಿ ಒಂದು ಚಿಕ್ಕ ಮೇಜನ್ನು ತೆರವುಮಾಡಿ ಇರಿಸಿರುವುದಾಗಿಯೂ, ಸೂರ್ಯನು ಮಾತ್ರ ಎಂಟು ಗಂಟೆಗೆ ಮೊದಲು ಬರುವುದಿಲ್ಲವಾದ್ದರಿಂದ ಕ್ಷಮಿಸಬೇಕಾಗಿಯೂ ಇತ್ತು.

ಇನ್ನು ಆ ನಾಲ್ಕು ದಿನಗಳು ಹೇಗಿರುತ್ತವೆ? ಹುಡುಗಿಯು ಹೇಳಿದುದನ್ನೂ ನಾವು ಬಲ್ಲುದನ್ನೂ ಕೂಡಿಸಿ ಬರೆಯುತ್ತೇವೆ. ಮನೆಯೊಳಕ್ಕೆ ಕಾಲಿಡುವಾಗ ಬೂಟುಗಳನ್ನು ಬಾಗಿಲಲ್ಲಿ ಬಿಡುವ ವಾಡಿಕೆಯು ಜರ್ಮನರ ಎಷ್ಟೋ ಮನೆಗಳಲ್ಲಿದೆ. ನಮ್ಮವರಿಗೆ ಇದರಿಂದಲೇ ಅರ್ಧ ಪರಕೀಯತೆ ಕಳೆಯುತ್ತದೆ. ಮೇಜಿನ ಮೇಲೆ ಹಸಿರು ಸೊಪ್ಪಿನ ಒಂದು ಬಳೆ, ಅದರಲ್ಲಿ ನಾಲ್ಕು ಮೇಣದ ಬತ್ತಿಗಳು. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ವಾರಕ್ಕೊಂದರಂತೆ ಹೆಚ್ಚಿಸುತ್ತ ಹೊತ್ತಿಸುವರು. ೧೮೩೯ರಲ್ಲಿ ಹಾಂಬುರ್ಗ್ ನಗರದಲ್ಲಿ ಬಡಮಕ್ಕಳ ಶಾಲೆಯನ್ನು ನಡೆಸುತ್ತಿದ್ದ ವಿಖೆರ್ನ್ ಎಂಬ ಪಾದ್ರಿಯು, "ಹಬ್ಬಕ್ಕೆ ಇನ್ನೆಷ್ಟು ದಿನ?" ಎಂದು ಕಾಡುತ್ತಿದ್ದ ಮಕ್ಕಳಿಗೆ ದಿನವೆಣಿಸಲು ಗಾಡಿಯ ಚಕ್ರದ ಮೇಲೆ ದೀಪಗಳನ್ನಿಟ್ಟು ತೋರಿಸಿದನೆಂದೂ, ಅದರಿಂದ ಈ ಪದ್ಧತಿ ಬಂದಿತೆಂದೂ ಹೇಳುತ್ತಾರೆ. ಕಾರ್ತಿಕದ ದೀಪಗಳನ್ನು ಕಂಡ ಕಣ್ಣಿಗೆ ಇದು ಹೊಸದಾಗಿ ತೋರದು.

ಡಿಸೆಂಬರ್ ೨೪ರ ಸಂಜೆಯೇ ಅವರಿಗೆ ಮುಖ್ಯ. ವೃಕ್ಷವಿರುವ ಕೋಣೆಯ ಬಾಗಿಲನ್ನು ಮಧ್ಯಾಹ್ನದಿಂದಲೇ ಹಾಕಿರುತ್ತಾರೆ. ಮಕ್ಕಳು ಕೀಲಿಯ ಕಂಡಿಯಲ್ಲಿ ಇಣಿಕಿ ನೋಡಿ ಬೈಸಿಕೊಳ್ಳುವರು. ಚರ್ಚಿಗೆ ಹೋಗಿ ಬಂದ ಮೇಲೆ ಒಳಗಿನಿಂದ ಒಂದು ಪುಟ್ಟ ಗಂಟೆಯ ನಾದವಾಗುತ್ತದೆ. ಬಾಗಿಲು ತೆರೆಯುತ್ತದೆ. ದಕ್ಷಿಣದವರು ಉಡುಗೊರೆಗಳನ್ನು ತಂದವನು ಬಾಲಕ್ರಿಸ್ತನೆನ್ನುವರು. ಉತ್ತರದವರು ಗಡ್ಡದ ಮುದುಕನೆನ್ನುವರು. ೧೮೧೮ರಲ್ಲಿ ಆಸ್ಟ್ರಿಯ ದೇಶದ ಒಂದು ಹಳ್ಳಿಯ ಚರ್ಚಿನಲ್ಲಿ ಮೊದಲು ಹಾಡಿದ ನೀರವರಾತ್ರಿಯ ಹಾಡನ್ನು ಎಲ್ಲರೂ ಕೂಡಿ ಹಾಡುವರು. ಆ ರಾತ್ರಿಯ ಊಟವು ಬಹಳ ಸರಳವಾದುದು. ಅನೇಕ ಮನೆಗಳಲ್ಲಿ ಬೇಯಿಸಿದ ಆಲೂಗಡ್ಡೆಯ ಕೋಸಂಬರಿಯಂತಹ ಪದಾರ್ಥ ಮತ್ತು ಮಾಂಸದ ಸುರುಳಿಗಳು. ಔತಣವು ಮರುದಿನಕ್ಕೆ. ನಮ್ಮ ಹುಡುಗಿಗೆ ಆಲೂಗಡ್ಡೆಯನ್ನು ಬೇರೆಯ ಪಾತ್ರೆಯಲ್ಲಿ ಮಾಡಿ, ಅದರ ಮೇಲೆ ಅವಳ ಹೆಸರಿನ ಚೀಟಿಯನ್ನು ಸಿಕ್ಕಿಸಿದ್ದರು. ಆ ಪ್ರಾಂತ್ಯದಲ್ಲಿ ಕಂದು ಬೇಳೆಯನ್ನು ಬೇಯಿಸಿ ಹುಳಿ ಹಿಂಡಿ ಉಣ್ಣುವ ವಾಡಿಕೆಯಿದೆ. ಅದಕ್ಕೆ ಸಾಮಾನ್ಯವಾಗಿ ಹಾಕುವ ಮಾಂಸದ ಚೂರುಗಳನ್ನು ಬಿಟ್ಟು ಇವಳಿಗಾಗಿ ಒಂದು ದಿನ ಮಾಡಿದರಂತೆ. ಒಗ್ಗರಣೆಯೊಂದಿಲ್ಲ, ಉಳಿದುದೆಲ್ಲ ನಮ್ಮ ಹುಳಿಯೇ ಎಂದು ಅವಳ ಅಭಿಪ್ರಾಯ.

ರಾತ್ರಿ ಬಿಸಿ ಊಟವಿಲ್ಲದಿರುವುದು ನಮ್ಮವರನ್ನು ತುಂಬ ಕಾಡುವ ಸಂಗತಿ. ಸಂಜೆ ಬ್ರೆಡ್ಡು, ಬೆಣ್ಣೆ, ಚೀಸು, ಉಪ್ಪಿನಲ್ಲಿಟ್ಟ ಸೌತೆಕಾಯಿ, ಅಷ್ಟೇ. ಅತಿಥಿಗೆ ಅನಾದರ ಮಾಡಿದರೆಂದು ಭಾವಿಸಕೂಡದು, ಅವರೂ ಅದನ್ನೇ ತಿನ್ನುತ್ತಾರೆ. ಮಾತಿನಲ್ಲಿ 'ನೀನು' 'ನೀವು' ಎಂಬ ಭೇದವು ಇಂಗ್ಲಿಷಿನವರಿಗೆ ಇಲ್ಲ, ಜರ್ಮನರಿಗೆ ಇದೆ. ಹಿರಿಯರು ತಾವಾಗಿ 'ನೀನು' ಎನ್ನಬಹುದೆಂದು ಅಪ್ಪಣೆ ಕೊಡುವವರೆಗೆ 'ನೀವು' ಎನ್ನುವುದೇ ಮರ್ಯಾದೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು. ಊಟವಾದ ಮೇಲೆ ತಟ್ಟೆಗಳನ್ನು ಒರೆಸಲು ಎದ್ದರೆ ಬೇಡವೆನ್ನುವುದಿಲ್ಲ, ಸಂತೋಷಪಡುತ್ತಾರೆ. ನಮ್ಮಲ್ಲಿ ಅತಿಥಿಯನ್ನು ಒಲೆಯ ಬಳಿ ಬಿಡುವುದು ಮನೆಯವರಿಗೆ ನಾಚಿಕೆ. ಅವರಲ್ಲಿ ಅತಿಥಿಯು ಕೈಸೇರಿಸಿದರೇ ಅವನು ಮನೆಯವನಾದಂತೆ. ಗಂಡುಮಕ್ಕಳನ್ನು ಕಳುಹಿಸುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಲಿ.

ಚರ್ಚಿಗೆ ಹೋಗಬೇಕೆ ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮನಸ್ಸಿದ್ದರೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಹಾಡು ಕೇಳಿ ಬರಬಹುದು, ಪ್ರಸಾದಕ್ಕೆ ಏಳಬೇಕಾಗಿಲ್ಲ. ಮನಸ್ಸಿಲ್ಲದಿದ್ದರೆ ಮನೆಯಲ್ಲಿ ಉಳಿಯುವೆನೆಂದು ನಯವಾಗಿ ಹೇಳಬಹುದು. ಕರೆದವರು ಮತಬೋಧೆಗೆ ತೊಡಗಿದರೆ, ಅದೂ ಒಮ್ಮೊಮ್ಮೆ ಆಗುವುದುಂಟು, ಮಾತನ್ನು ಬೇರೆಡೆಗೆ ತಿರುಗಿಸುವ ಜಾಣ್ಮೆಯು ಬೇಕು. ಬಿಡದಿದ್ದರೆ ಮುಂದಿನ ವರ್ಷ ಹೋಗದಿದ್ದರಾಯಿತು. ನಮ್ಮ ಹುಡುಗಿಯು ಹೋಗಿ ಕುಳಿತು ಬಂದಳು. ಮರುದಿನ ಬೆಳಿಗ್ಗೆ ಎಂದಿನಂತೆ ಕಿಟಕಿಯ ಬಳಿ ತನ್ನ ಪೂಜೆ ಮಾಡಿಕೊಂಡಳು. ಆ ಹೊತ್ತಿನಲ್ಲಿ ಮೊಮ್ಮಕ್ಕಳು ಗದ್ದಲ ಮಾಡದಂತೆ ಮುದುಕನು ಅವರನ್ನು ಅಂಗಳದಲ್ಲಿ ಹಿಮ ಗುಡಿಸಲು ಕರೆದೊಯ್ದನಂತೆ.

ಉಡುಗೊರೆ ಏನನ್ನು ಒಯ್ಯಬೇಕು? ಬೆಲೆಯುಳ್ಳ ವಸ್ತು ಬೇಡ, ಪಡೆದವರಿಗೆ ಮುಜುಗರ. ಮೈಸೂರು ಗಂಧದ ಸಾಬೂನು, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ನಮ್ಮ ಬಾಬಾಬುಡನ್ ಗಿರಿಯ ಸೀಮೆಯ ಕಾಫಿಯ ಪುಡಿ, ಇವು ಸಾಕು. ತುಪ್ಪ, ಖೋವಾ, ಪೇಡೆಗಳನ್ನು ಪೆಟ್ಟಿಗೆಯಲ್ಲಿ ತುಂಬುವ ತಾಯಂದಿರು ಒಂದು ಸಂಗತಿಯನ್ನು ತಿಳಿದಿರಬೇಕು: ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರಕೂಡದೆಂಬ ಕಾನೂನಿದೆ, ಸುಂಕದವರು ಕಿತ್ತುಕೊಂಡು ಎಸೆಯುತ್ತಾರೆ. ಅಷ್ಟು ಕಷ್ಟಪಟ್ಟು ಕಾಯಿಸಿದ ತುಪ್ಪವು ವಿಮಾನನಿಲ್ದಾಣದ ಕಸದ ತೊಟ್ಟಿಗೆ ಬೀಳುವುದು ಯಾರಿಗೆ ಬೇಕು?

ಆದರೆ ಆ ಮನೆಯವರು ಸಾಬೂನಿಗಿಂತಲೂ ಕಾಫಿಗಿಂತಲೂ ಹೆಚ್ಚಾಗಿ ಬಯಸಿದುದು ಮಾತನ್ನು. ಸಂಜೆ ನಾಲ್ಕೂವರೆಗೆ ಕತ್ತಲಾದ ಮೇಲೆ ಮಲಗುವವರೆಗೆ ಆರು ಗಂಟೆಯ ಕಾಲ; ಎಷ್ಟೆಂದು ಇಸ್ಪೀಟು ಆಡುವುದು? "ನಿನ್ನ ಊರು ಎಂತಹುದು?" ಎಂದು ಕೇಳಿದರು. ಇಲ್ಲಿ ಹುಡುಗಿಯು ಸ್ವಲ್ಪ ತಬ್ಬಿಬ್ಬಾದಳು. ಅಡಿಕೆಯ ವಿಷಯವನ್ನು ಅವಳು ಬೇಕಾದಷ್ಟು ಹೇಳಬಲ್ಲಳು: ಕೊನೆ ಇಳಿಸುವುದು, ಸುಲಿಯುವುದು, ಬೇಯಿಸಿ ಚೊಗರು ಕೂಡಿಸಿ ಅಟ್ಟದ ಮೇಲೆ ಒಣಗಿಸುವುದು. ಆದರೆ ಮುದುಕನು ಪುಸ್ತಕವೊಂದನ್ನು ತೆಗೆದು, ಹೊಯ್ಸಳರ ಅಮೃತೇಶ್ವರ ದೇವಾಲಯವು ನಿಮ್ಮ ಊರ ಬಳಿಯದೇ ಅಲ್ಲವೆ ಎಂದಾಗ, ನೂರು ಸಾರಿ ಒಳಗೆ ಹೋಗಿ ಬಂದವಳಿಗೆ ಹೇಳಲು ನಾಲ್ಕು ಮಾತು ತೋರಲಿಲ್ಲ. ಇದು ಅವಳೊಬ್ಬಳ ಕೊರತೆಯಲ್ಲ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತನು ೧೧೯೬ರಲ್ಲಿ ಕಟ್ಟಿಸಿದ ಗುಡಿ ಅದು. ತೆರೆದ ಮಂಟಪದ ಸುತ್ತಣ ಗೋಡೆಯ ಮೇಲೆ ನೂರನಲವತ್ತು ಫಲಕಗಳಲ್ಲಿ ಕಥೆಗಳನ್ನು ಕಡೆದಿದ್ದಾರೆ. ದಕ್ಷಿಣದ ಕಡೆಯ ಎಪ್ಪತ್ತರಲ್ಲಿ ರಾಮಾಯಣ, ಅದೂ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ ಕಡೆ ಇಪ್ಪತ್ತೈದರಲ್ಲಿ ಕೃಷ್ಣನ ಚರಿತ್ರೆ, ನಲವತ್ತೈದರಲ್ಲಿ ಭಾರತ. ಮುಂದಿನ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವೆಂದು ಪ್ರಸಿದ್ಧಿ. ಇದನ್ನೆಲ್ಲ ನಮ್ಮ ಮಕ್ಕಳು ಸ್ಟುಟ್‌ಗಾರ್ಟಿನ ಸೀಮೆಯ ಮುದುಕನೊಬ್ಬನಿಂದ ಕೇಳಿ ತಿಳಿಯಬೇಕಾಗಿ ಬಂದಿದೆ. ಹೊರನಾಡಿಗೆ ಕಳುಹಿಸುವ ಮುನ್ನ ಉಣ್ಣೆಯ ಅಂಗಿಯನ್ನು ಕೊಳ್ಳುವಂತೆಯೇ ಒಂ­ದು ದಿನ ಮಕ್ಕಳನ್ನು ಗುಡಿಗೆ ಕರೆದೊಯ್ದು ಫಲಕಗಳ ಮುಂದೆ ನಿಲ್ಲಿಸಿ ಕಥೆ ಹೇಳಬೇಕು. ಹೇಳಲು ಹಿರಿಯರಿಗೆ ಬಂದರೆ.

ದೂರ ಹೋದಾಗ ಊರು ಹೆಚ್ಚು ಸ್ಪಷ್ಟವಾಗಿ ಕಾಣುವುದೆಂಬುದೂ ಸುಳ್ಳಲ್ಲ. ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೋದ ವಿನಾಯಕ ಕೃಷ್ಣ ಗೋಕಾಕರು 'ಸಮುದ್ರ ಗೀತೆಗಳು' ಎಂಬ ಕವನಗಳನ್ನು ಕನ್ನಡಕ್ಕೆ ತಂದರು. ತೀರ್ಥಹಳ್ಳಿಯ ಕಡೆಯ ಅನಂತಮೂರ್ತಿಯವರು ಮಲೆನಾಡಿನ ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು ಬರೆದುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ; ೧೯೬೫ರಲ್ಲಿ ಅದು ಪ್ರಕಟವಾಯಿತು. ನಮ್ಮ ಹುಡುಗಿಯು ಕಾದಂಬರಿಯನ್ನೇನೂ ಬರೆಯಲಿಲ್ಲ. ಹಿಂದಿರುಗಿದ ಮೇಲೆ ಅಜ್ಜಿಯವರಿಗೆ ಒಂದು ಕಾಗದವನ್ನು, ಕೈಯಿಂದಲೇ, ನಾಲ್ಕು ಪುಟ ಬರೆದಳು. ಅದನ್ನು ಅವರು ಅಕ್ಕಪಕ್ಕದವರಿಗೆಲ್ಲ ಓದಿಸಿದರು, ನಮಗೂ ಓದಿಸಿದರು.

ಹೋಗಿ ಬಂದವರು ಮಾಡಬೇಕಾದ ಒಂದು ಕೆಲಸ ಉಳಿದಿದೆ: ವಾರದೊಳಗೆ ಆ ಮನೆಗೊಂದು ಕೃತಜ್ಞತೆಯ ಪತ್ರ. ಮೊಬೈಲಿನ ಎರಡು ಸಾಲು ಸಾಲದು. ಇವಳು ಬರೆದಳು, ಅದರೊಳಗೆ ತಂದೆಯವರು ತಮ್ಮ ಒಂದು ಕಾಗದವನ್ನೂ ಸೇರಿಸಿ, ಅಡಿಕೆಯ ಕಾಲದಲ್ಲಿ ನೀವೂ ನಮ್ಮಲ್ಲಿಗೆ ಬರಬೇಕೆಂದು ಕರೆದರು. ಉಪಚಾರಕ್ಕೆ ಕರೆದುದೆಂದು ಎಲ್ಲರೂ ತಿಳಿದಿದ್ದರು. ಆದರೆ ಅವರಲ್ಲಿ ಕರೆಯನ್ನು ಕರೆಯೆಂದೇ ತಿಳಿಯುತ್ತಾರೆ. ಬರುವ ಜನವರಿಯಲ್ಲಿ, ಸಂಕ್ರಾಂತಿಗೆ ಎರಡು ದಿನ ಮೊದಲು ಬಂದು ಆರು ದಿನ ಇರುವುದಾಗಿ, ತಾವು ಏನನ್ನು ತಿನ್ನಬಲ್ಲೆವೆಂಬ ಪಟ್ಟಿಯೊಡನೆ ಉತ್ತರ ಬಂದಿದೆ. ಖಾರ ಕಡಮೆ, ಕುದಿಸಿ ಆರಿಸಿದ ನೀರು, ಮುದುಕನಿಗೆ ಸಕ್ಕರೆಯ ಪಥ್ಯ. ಉಳಿದಂತೆ ನೀವು ಉಣ್ಣುವುದನ್ನೇ ಉಣ್ಣುವೆವು ಎಂದಿದ್ದಾರೆ. ಮನೆಯಲ್ಲಿ ಈಗ ಹಿಂದಣ ಕೋಣೆಯ ಅಡಿಕೆಮೂಟೆಗಳನ್ನು ಸಾಗಿಸಿ ಸುಣ್ಣ ಹೊಡೆಯುತ್ತಿದ್ದಾರೆ. ಸೊಳ್ಳೆಯ ಪರದೆ ತಂದಿದ್ದಾರೆ. ಬಚ್ಚಲಿಗೆ ಕೂರುವ ಪೀಠವನ್ನು ಇರಿಸಲು ತರೀಕೆರೆಯಿಂದ ಗಾರೆಯವನು ಬರಬೇಕಾಗಿದೆ. ಮೊನ್ನೆ ನಾವು ಹೋಗಿದ್ದಾಗ ಅಜ್ಜಿಯವರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. "ಆಯಮ್ಮನಿಗೆ ಮಂಡಿನೋವಂತೆ. ನೆಲದ ಮೇಲೆ ಕೂತು ಉಣ್ಣೋಕಾಗದಿದ್ದರೆ ಏನು ಮಾಡೋದು? ನಾವೆಲ್ಲ ಕೆಳಗೆ, ಅವರಿಬ್ಬರೇ ಮೇಲೆ ಕೂತರೆ ಚೆನ್ನಾಗಿರುತ್ತದೆಯೆ?" ಎಲ್ಲರಿಗೂ ಸಾಲುವಷ್ಟು ದೊಡ್ಡ ಮೇಜನ್ನು ಮಾಡಿಸಲು ಹಲಸಿನ ಹಲಗೆಗಳನ್ನು ಅಟ್ಟದಿಂದ ಇಳಿಸಿದ್ದಾರೆ. ಬಡಗಿಯು ಸಂಕ್ರಾಂತಿಯೊಳಗೆ ಮುಗಿಸಿಕೊಡುವೆನೆಂದು ಹೇಳಿದ್ದಾನೆ.